ನಮ್ಮ ಸೀಮೆಗೆ ‘ಬಯಲುಸೀಮೆ’ ಎಂಬ ಹೆಸರು ಒಪ್ಪುತ್ತದೆಯೇ?

ಆಷಾಢದ ಮಳೆ ಹಿಡಿದಿತ್ತು. ಖಾನಾಪುರದಲ್ಲಿ ಅಣ್ಣನ ಮನೆ. ಹಂಚಿನ ಮೇಲಿಂದ ಇಳಿಯುವ ನೀರು ಮೂರು ದಿನದಿಂದ ನಿಂತಿರಲಿಲ್ಲ. ಅಣ್ಣನ ಮಗಳು ಪಡಸಾಲೆಯಲ್ಲಿ ಕರ್ನಾಟಕದ ನಕಾಶೆ ಹರವಿಕೊಂಡು ಬಣ್ಣ ಹಚ್ಚುತ್ತಿದ್ದಳು. ಕರಾವಳಿಗೆ ನೀಲಿ, ಮಲೆನಾಡಿಗೆ ಹಸಿರು, ಬಯಲುಸೀಮೆಗೆ ಹಳದಿ. ಶಾಲೆಯಲ್ಲಿ ಹೇಳಿದ್ದು ಇಷ್ಟೇ. ಬೆಳಗಾವಿ ಜಿಲ್ಲೆಗೆ ಬಂದಾಗ ಅವಳ ಕೈ ನಿಂತಿತು.

“ಕಾಕಾ, ಬೆಳಗಾವಿ ಬಯಲುಸೀಮ್ಯಾಗ ಬರತೈತಿ ಅಂತ ಹೇಳ್ಯಾರ. ನಮ್ಮ ಖಾನಾಪುರಕ್ಕೂ ಹಳದೀನ ಹಚ್ಚಲ್ಯಾ?”

ಹೊರಗೆ ನೋಡಿದೆ. ಎದುರಿನ ಮನೆ ಕಾಣದಷ್ಟು ಮಳೆ. ಹಸಿರು ಹಚ್ಚು ಎಂದೆ. ಹಾಗಾದರೆ ಅಥಣಿಗೆ? ನಮ್ಮೂರಿಗೆ? ಅಲ್ಲಿಂದ ಶುರುವಾದ ಮಾತು ರಾತ್ರಿ ಊಟದ ಗಂಗಾಳ ಎತ್ತುವವರೆಗೂ ಮುಗಿಯಲಿಲ್ಲ. ನಮ್ಮ ಮೂಲ ಊರು ವಿಜಯಪುರ ಜಿಲ್ಲೆಯಲ್ಲಿ, ಡೋಣಿ ಹೊಳೆಯ ದಂಡೆಯ ಮೇಲೆ. ಅಣ್ಣ ನೌಕರಿಗೆಂದು ಖಾನಾಪುರಕ್ಕೆ ಬಂದು ಹನ್ನೊಂದು ವರ್ಷವಾಯಿತು. ನಾನು ಬಾಗಲಕೋಟೆಯಲ್ಲಿದ್ದೇನೆ, ಹೊಲ ನೋಡಲು ತಿಂಗಳಿಗೆರಡು ಸಲ ಊರಿಗೆ ಹೋಗುತ್ತೇನೆ. ಬಯಲುಸೀಮೆ ಎಂಬ ಹೆಸರಿನ ಪರವಾಗಿ ಅಣ್ಣ ನಿಂತ, ವಿರೋಧಕ್ಕೆ ನಾನು. ಅವನಿಗೆ ಬರೆಯುವ ತಾಳ್ಮೆ ಇಲ್ಲ. ಹೀಗಾಗಿ ಅವನ ವಾದವನ್ನೂ ಅವನ ಬಾಯಿಂದ ಬಂದ ಹಾಗೆ ನಾನೇ ಬರೆದಿದ್ದೇನೆ, ಓದಿಸಿ ಒಪ್ಪಿಗೆಯನ್ನೂ ಪಡೆದಿದ್ದೇನೆ. ನನ್ನದು ತುಸು ಉದ್ದವಾಗಿದೆ. ಬರೆಯುವವನಿಗೆ ಅಷ್ಟು ಲಾಭ ಇರಬೇಕಲ್ಲ.

ಪರ: ಕಣ್ಣಿಗೆ ಅಡ್ಡಿಯಿಲ್ಲದ ನಾಡು

ಖಾನಾಪುರಕ್ಕೆ ಬಂದ ಮೊದಲ ವರ್ಷ ನನಗೆ ಆದ ತ್ರಾಸು ಮಳೆಯದ್ದಲ್ಲ. ಅರಿವೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಅದಕ್ಕೆಲ್ಲ ಹೊಂದಿಕೊಂಡೆ. ತ್ರಾಸಾದದ್ದು ಕಣ್ಣಿಗೆ. ಯಾವ ಕಡೆ ನೋಡಿದರೂ ನೂರು ಮಾರಿಗೊಂದು ಅಡ್ಡಿ. ಮರ, ಮರದ ಹಿಂದೆ ಗುಡ್ಡ, ಗುಡ್ಡದ ಮೇಲೆ ಮೋಡ. ಜಾಂಬೋಟಿ ದಾರಿಯಲ್ಲಿ ನಿಂತರೆ ಹೊತ್ತು ಮುಳುಗುವುದೇ ಕಾಣುವುದಿಲ್ಲ, ಕತ್ತಲಾಗುತ್ತದೆ ಅಷ್ಟೆ. ದೀಪಾವಳಿಗೆ ಊರಿಗೆ ಹೊರಟೆ. ಬಸ್ಸು ಬೀಳಗಿ ದಾಟಿ ಕೊರ್ತಿ-ಕೊಲ್ಹಾರ ಸೇತುವೆಯ ಮೇಲೆ ಬಂತು. ಸುಮಾರು 3 ಕಿಲೋಮೀಟರಿನ ಸೇತುವೆ, ಕೆಳಗೆ ಕೃಷ್ಣೆಯ ಹಿನ್ನೀರು, ಮುಂದೆ ನೆಲ ಮತ್ತು ಮುಗಿಲು ಕೂಡುವ ಒಂದೇ ಗೆರೆ. ಕೊಲ್ಹಾರದಲ್ಲಿ ಇಳಿದು ಗಡಿಗೆ ಮೊಸರು ತಗೊಂಡು, ಮತ್ತೆ ಬಸ್ಸೇರಿ ಕಿಟಕಿಗೆ ಹಣೆ ಹಚ್ಚಿ ಕೂತೆ. ಎದೆ ಹಗುರಾಯಿತು. ಅವತ್ತು ನನಗೆ ಅನ್ನಿಸಿದ್ದು ಒಂದೇ: ಇದಕ್ಕೆ ಬಯಲು ಅನ್ನದೆ ಮತ್ತೇನನ್ನಬೇಕು?

ವಿಜಯಪುರ ಹತ್ತಿರಾದಂತೆ ಗೋಳಗುಮ್ಮಟ ಕಾಣತೊಡಗುತ್ತದೆ. 1656ರ ಸುಮಾರಿಗೆ ಮುಗಿದ ಕಟ್ಟಡ, 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೂ ಕಂಬವಿಲ್ಲ. ಇವೆಲ್ಲ ಎಲ್ಲರೂ ಹೇಳುವ ಮಾತು. ಯಾರೂ ಹೇಳದ ಮಾತೊಂದಿದೆ. ಇದೇ ಗುಮ್ಮಟವನ್ನು ಖಾನಾಪುರದಲ್ಲಿ ಕಟ್ಟಿದ್ದರೆ ಬುಡಕ್ಕೆ ಹೋಗಿ ತಲೆಯೆತ್ತುವವರೆಗೆ ಅದು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಅದು ಹರದಾರಿ ದೂರದ ಹೊಲದಲ್ಲಿ ಎಡೆ ಹೊಡೆಯುವವನಿಗೂ ಕಾಣುತ್ತದೆ. ಮಹಮ್ಮದ ಆದಿಲ್‌ಶಾಹಿಯ ಕಾರೀಗರರು ಅರ್ಧ ಕಟ್ಟಿದರು, ಉಳಿದರ್ಧ ಬಯಲು ಕಟ್ಟಿಕೊಟ್ಟಿತು.

ಖಾನಾಪುರದಲ್ಲಿ ಹೊಸಬರು ಸಿಕ್ಕಾಗ ಯಾವ ಕಡೆಯವರು ಎಂದು ಕೇಳುತ್ತಾರೆ. ಮೊದಮೊದಲು ಬಿಜಾಪುರ ಎನ್ನುತ್ತಿದ್ದೆ. “ಓ, ಬರದ ನಾಡು,” ಎಂದು ಅವರ ಮುಖದಲ್ಲೊಂದು ಕನಿಕರ ಮೂಡುತ್ತಿತ್ತು. ನನಗೇನೋ ಹಸಿವಾಗಿರಬೇಕು ಎನ್ನುವ ಹಾಗೆ ನೋಡುತ್ತಿದ್ದರು. ಒಬ್ಬರಂತೂ ಚಹಾದ ಜೊತೆ ಎರಡು ಪುಡಿಕೆ ಬಿಸ್ಕತ್ತು ತರಿಸಿದ್ದರು. ಆಮೇಲೆ ಬಯಲುಸೀಮೆ ಎನ್ನಲು ಶುರುಮಾಡಿದೆ. ಮಾತಿನ ದಾರಿಯೇ ಬದಲಾಯಿತು. ಅಲ್ಲಿ ಏನು ಬೆಳೆಯುತ್ತೀರಿ, ಬಿಸಿಲು ಎಷ್ಟಿರುತ್ತದೆ, ಜೋಳ ಯಾವಾಗ ಬಿತ್ತುತ್ತೀರಿ ಎಂದು ಕೇಳುತ್ತಾರೆ. ಕನಿಕರ ಹೋಗಿ ಕುತೂಹಲ ಬಂತು. ಮಲೆ, ಕರಾವಳಿ, ಬಯಲು ಮೂರೂ ನೆಲದ ಆಕಾರದ ಹೆಸರುಗಳು. ಅವುಗಳಲ್ಲಿ ಒಂದು ಶ್ರೀಮಂತ, ಒಂದು ಬಡವ ಎಂದಿಲ್ಲ. ಮೂವರು ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಲ್ಲುತ್ತವೆ. ಬರದ ನಾಡು ಎನ್ನುವುದು ಹೆಸರಲ್ಲ, ಅದೊಂದು ರೋಗದ ಚೀಟಿ.

ಬಯಲು ಎಂಬ ಮಾತನ್ನು ಹಿಂಡಿ ನೋಡಿ, ಒಣಗಿದ್ದು ಎಂಬ ಅರ್ಥದ ಒಂದು ಹನಿಯೂ ಬೀಳುವುದಿಲ್ಲ. ತಮಿಳು, ಮಲಯಾಳಂಗಳಲ್ಲಿ ವಯಲ್ ಎಂದರೆ ನೀರು ನಿಂತ ಭತ್ತದ ಗದ್ದೆ. ನಮ್ಮ ದಕ್ಷಿಣ ಕನ್ನಡದಲ್ಲೂ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸುತ್ತಾರೆ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ನೀರಿನದು ಬೈಲು. ನಮ್ಮ ನೆಲ ಒಣಗಿದ್ದು ನಿಜ. ವಿಜಯಪುರಕ್ಕೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಸುಗ್ಗಿ, ಆಗುಂಬೆಗೆ 7000ಕ್ಕೂ ಮೇಲೆ ಬೀಳುತ್ತದೆ. ಆದರೆ ಹೆಸರಿನಲ್ಲಿ ಆ ಒಣಗು ಇಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟಾಗಲೂ ನಾವು ಬಯಲುಸೀಮೆಯೇ, ಈಗ ಏತ ನೀರಾವರಿಯಿಂದ ತಿಕೋಟಾ ಕಡೆ ದ್ರಾಕ್ಷಿ ಪಡಗಳಿಗೆ ಕೃಷ್ಣೆ ಹರಿದಾಗಲೂ ನಾವು ಬಯಲುಸೀಮೆಯೇ. ಒಣನಾಡು ಎಂದು ಇಟ್ಟುಕೊಂಡಿದ್ದರೆ ಕಾಲುವೆ ಬಂದ ದಿನವೇ ಹೆಸರು ಸುಳ್ಳಾಗುತ್ತಿತ್ತು.

ಬೇರೆ ಹೆಸರುಗಳನ್ನೂ ತೂಗಿ ನೋಡೋಣ. ಮುಂಬೈ ಕರ್ನಾಟಕ ಎನ್ನುತ್ತಿದ್ದರು. 1956ರಲ್ಲಿ ಮುಂಬೈ ರಾಜ್ಯ ಬಿಟ್ಟು ಬಂದ ಮೇಲೂ ಅರವತ್ತೈದು ವರ್ಷ ಬಿಟ್ಟುಬಂದ ಗಂಡನ ಮನೆಯ ಹೆಸರು ಹೊತ್ತು ತಿರುಗಿದೆವು. 2021ರಲ್ಲಿ ಅದು ಕಿತ್ತೂರು ಕರ್ನಾಟಕವಾಯಿತು. ಚೆನ್ನಮ್ಮನ ಹೆಸರು, ಕೈಮುಗಿಯೋಣ. ಆದರೆ ಅದರಲ್ಲಿ ಕಾರವಾರದ ಕಡಲೂ ಇದೆ, ಶಿರಸಿಯ ಅಡಿಕೆಯೂ ಇದೆ, ಇಂಡಿ ತಾಲೂಕಿನ ಲಿಂಬೆಯೂ ಇದೆ. ಅದು ಆಡಳಿತ ಕೂಡಿಸಿದ ಏಳು ಜಿಲ್ಲೆಗಳ ಗಂಟು, ನೆಲದ ಹೆಸರಲ್ಲ. ಕೃಷಿ ಇಲಾಖೆಯ ಕಾಗದದಲ್ಲಿ ನಾವು ಉತ್ತರ ಒಣವಲಯ. ಮಗುವಿಗೆ ರಕ್ತದ ಗುಂಪಿನ ಹೆಸರಿಟ್ಟ ಹಾಗಿದೆ. ಬೆಳವಲ ಎಂದು ಕೆಲವರು ಪ್ರೀತಿಯಿಂದ ಹೇಳುತ್ತಾರೆ, ತಮ್ಮನೂ ಹೇಳುತ್ತಾನೆ. ಶಾಸನಗಳ ಕಾಲದ ಬೆಳ್ವೊಲ 300, ಅಂದರೆ ಮುನ್ನೂರು ಹಳ್ಳಿಗಳ ನಾಡು ಎನ್ನುತ್ತಾರೆ, ಅದರ ನಡುಗಂಬ ಇದ್ದದ್ದು ಅಣ್ಣಿಗೇರಿ, ಗದಗ ಕಡೆ. ನೆರೆಮನೆಯ ಹೆಸರು ಚೆಂದವಿದೆ ಎಂದು ನಮ್ಮ ಬಾಗಿಲಿಗೆ ಹಚ್ಚಿಕೊಳ್ಳಲು ಆಗುವುದಿಲ್ಲ.

ಕೋಲಾರದಿಂದ ಬೀದರಿನವರೆಗೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ ಎಂಬ ದೂರು ಹಳೆಯದು. ಕರಾವಳಿಯೂ ತುಂಬುತ್ತದೆ. ಕಾರವಾರದ ಕೊಂಕಣಿಯವನೂ ಮಂಗಳೂರಿನ ತುಳುವನೂ ಒಂದೇ ಕರಾವಳಿಯವರು, ಅವರು ಜಗಳಾಡುವುದನ್ನು ನಾನು ಕಂಡಿಲ್ಲ. ದೊಡ್ಡ ಹೆಸರು ಹೊರಗಿನವರಿಗೆ, ಸಣ್ಣ ಹೆಸರು ಒಳಗಿನವರಿಗೆ. ಖಾನಾಪುರದಲ್ಲಿ ಮರಾಠಿ ಆಡುವವರು ಬಹಳ. ಮರಾಠಿಯಲ್ಲಿ ಘಟ್ಟದ ಮೇಲಿನ ನಾಡಿಗೆ ದೇಶ ಎನ್ನುತ್ತಾರೆ, ಕೆಳಗಿನದಕ್ಕೆ ಕೊಂಕಣ. ಹೆಸರು ಹುಟ್ಟುವುದೇ ಇನ್ನೊಂದರ ಎದುರಿಗೆ ನಿಂತಾಗ.

ಕೊನೆಗೊಂದು ಮಾತು. ಬಸವಣ್ಣ ಹುಟ್ಟಿದ್ದು ನಮ್ಮ ಬಾಗೇವಾಡಿಯಲ್ಲಿ, ಐಕ್ಯನಾದದ್ದು ಕೂಡಲಸಂಗಮದಲ್ಲಿ, ಎರಡೂ ಈ ಸೀಮೆಯವೇ. ಶರಣರ ಬಾಯಲ್ಲಿ ಬಯಲು ಅತಿ ದೊಡ್ಡ ಮಾತು, ಎಲ್ಲ ಹೋಗಿ ಕೂಡುವ ತಾಣ. ನಮ್ಮ ದೊಡ್ಡಾಟ, ಸಣ್ಣಾಟ, ಪಾರಿಜಾತಗಳಿಗೂ ಬಯಲಾಟ ಎಂದೇ ಹೆಸರು. ನಾಲ್ಕು ಗೋಡೆ ಬೇಡದ ಆಟ. ಅಂಥ ಶಬ್ದವೊಂದು ನಮ್ಮ ನೆಲಕ್ಕೆ ಕೂತಿದ್ದರೆ, ತಮ್ಮಾ, ಅದನ್ನು ಕೀಳಲು ಯಾಕಿಷ್ಟು ಅವಸರ?

ವಿರೋಧ: ಯಾರೂ ಕರೆಯದ ಹೆಸರು

ಅಣ್ಣನಿಗೆ ಒಂದು ನೆನಪು ಮಾಡಿಕೊಡುತ್ತೇನೆ. ಅವನು ಹೈಸ್ಕೂಲಿನಲ್ಲಿದ್ದಾಗ ಪಾಠ ಗಟ್ಟಿ ಮಾಡುತ್ತ, ನಾವು ಬಯಲುಸೀಮೆಯವರು ಎಂದು ಜೋರಾಗಿ ಓದಿದ. ರೊಟ್ಟಿ ಬಡಿಯುತ್ತಿದ್ದ ಆಯಿ ಕೈ ನಿಲ್ಲಿಸಿ, “ಅದ್ಯಾವ ಸೀಮ್ಯೋ? ಮುಂಜಾನೆ ತಂಬಿಗಿ ಹಿಡಕೊಂಡ ಹೋಗೂ ಸೀಮೀ ಏನ?” ಎಂದಳು. ಮನೆಯವರೆಲ್ಲ ನಕ್ಕರು. ಆಯಿ ಎಪ್ಪತ್ತೆಂಟು ವರ್ಷ ಆ ನೆಲದ ಮೇಲೆ ಬದುಕಿದಳು, ಅದರ ಹೆಸರು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಬಯಲಿಗೆ ಹೋಗುವುದು ಎಂದರೆ ಏನು ಎಂದು ವಿವರಿಸುವ ಅಗತ್ಯವಿಲ್ಲ.

ಆಯಿಗೆ ಗೊತ್ತಿದ್ದ ಹೆಸರುಗಳೇ ಬೇರೆ. ಕರಿಮಣ್ಣಿನದು ಎರಿ, ಕೆಂಪು ಮಣ್ಣಿನದು ಮಸಾರಿ, ಕಲ್ಲುನೆಲ ಮಡ್ಡಿ, ಉಪ್ಪುನೆಲ ಸವಳು, ಹೊಳೆಯ ದಂಡೆಯವು ಹೊಳಿಸಾಲು, ಡೋಣಿಸಾಲು. ಹೆಣ್ಣು ಕೊಡುವ ಮಾತು ಬಂದಾಗ ಇವು ಒಂದೊಂದೇ ಹೊರಬರುತ್ತಿದ್ದವು. ಮಡ್ಡಿ ಊರಾದರೆ ಜೋಳ ಕಡಿಮೆ, ಆದರೆ ಸಿಹಿನೀರಿನ ಬಾವಿ ಇರುತ್ತದೆ. ಎರಿ ಊರಾದರೆ ಕಣಜ ತುಂಬಿರುತ್ತದೆ, ಆದರೆ ಮಗಳು ಮೈಲುಗಟ್ಟಲೆ ನೀರು ಹೊರಬೇಕು, ಮಳೆಗಾಲದಲ್ಲಿ ಕಾಲಿಗೆ ಮಣಗಟ್ಟಲೆ ರಾಡಿ. ಹೊಳಿಸಾಲಾದರೆ ನೀರಿಗೆ ಬರವಿಲ್ಲ, ಪ್ರವಾಹದ ಅಂಜಿಕೆ ಇದೆ. ನನ್ನ ಅತ್ತೆಯ ಮದುವೆ ಮಾತು ಮುರಿದದ್ದು ಕುಡಿಯುವ ನೀರಿಗಾಗಿ, ವರದಕ್ಷಿಣೆಗಾಗಿ ಅಲ್ಲ. ಇಷ್ಟೆಲ್ಲ ಲೆಕ್ಕ ಇಟ್ಟುಕೊಂಡ ಜನಕ್ಕೆ ಬಯಲುಸೀಮೆ ಎಂಬ ಒಂದು ಮಾತು ಯಾವ ಕೆಲಸಕ್ಕೆ ಬಂದೀತು?

ಎರಿ ಹೊಲದ ಬಗ್ಗೆ ತುಸು ವಿವರವಾಗಿ ಹೇಳಬೇಕು. ಬಯಲುಸೀಮೆ ಎಂಬ ಹೆಸರು ಮುಚ್ಚಿಡುವುದು ಇದನ್ನೇ.

ಮಾರ್ಚಿನಲ್ಲಿ ನಮ್ಮ ಹೊಲಕ್ಕೆ ಬನ್ನಿ. ನೆಲ ಬಿರಿದು ಬಾಯಿ ತೆರೆದಿರುತ್ತದೆ. ಅಂಗೈ ಇಳಿಯುವಷ್ಟು ಅಗಲ, ಕೆಲವು ಕಡೆ ಮಾರುದ್ದ ಕೋಲು ಇಳಿಯುವಷ್ಟು ಆಳ. ಒಮ್ಮೆ ಟ್ರ್ಯಾಕ್ಟರಿನ ಕೀಲಿ ನನ್ನ ಕೈಜಾರಿ ಅಂಥದೊಂದು ಬಿರುಕಿಗೆ ಬಿತ್ತು. ಟಣ್ ಎಂದು ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ, ಆಮೇಲೆ ಸದ್ದಿಲ್ಲ. ಹಾರಿಯಿಂದ ಅಗೆದೆ, ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಇಳಿಬಿಟ್ಟೆ, ಸಿಗಲಿಲ್ಲ. ಅಪ್ಪ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಬಿಡು, ಮಳಿ ಆದಮ್ಯಾಲ ಅವ್ವ ಬಾಯಿ ಮುಚ್ಚತಾಳ, ಮುಂದ ಯಾವಾಗರೆ ಉಗುಳತಾಳ,” ಎಂದ. ಎರಡು ವರ್ಷದ ಮೇಲೆ ರಂಟೆ ಹೊಡೆಯುವಾಗ ಅದು ಮೇಲೆ ಬಂತು, ಬೇರೆಯೇ ಜಾಗದಲ್ಲಿ. ಎರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತದೆ. ನಮ್ಮ ಹೊಲ ತನ್ನನ್ನು ತಾನೇ ಉಳುತ್ತದೆ ಎಂದು ಹಿರಿಯರು ಹೇಳುವುದು ಇದಕ್ಕೇ.

ಈ ಬಿರುಕುಗಳೇ ಹೊಲದ ಬಾಯಿ. ಮುಂಗಾರು ನಮಗೆ ಹೆಚ್ಚಾಗಿ ಗಾಳಿ ಕೊಟ್ಟು ಹೋಗುತ್ತದೆ. ಸಹ್ಯಾದ್ರಿ ನೀರನ್ನೆಲ್ಲ ತಾನೇ ಹಿಡಿದುಕೊಂಡು ನಮ್ಮ ಕಡೆ ಬರಿಗೈ ಮೋಡ ಕಳಿಸುತ್ತದೆ. ನಮ್ಮ ನಂಬಿಕೆಯೆಲ್ಲ ಹುಬ್ಬಿ, ಉತ್ತರಿ, ಹಸ್ತಾ ಮಳೆಗಳ ಮೇಲೆ, ಅಂದರೆ ಸೆಪ್ಟೆಂಬರಿನ ಮೇಲೆ. ಅವು ಹೊಡೆದರೆ ಎರಿ ಕುಡಿಯುತ್ತದೆ, ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಹದ ನೋಡಿ ಕೂರಿಗೆ ಹೂಡಿ ಬಿಳಿಜೋಳ ಬಿತ್ತಿದರೆ ಆಯಿತು. ಆಮೇಲೆ ಒಂದು ಹನಿ ಬೀಳದಿದ್ದರೂ ಮಾಲದಂಡಿ ಜೋಳ ನೆಲದೊಳಗಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಆಳೆತ್ತರ ನಿಲ್ಲುತ್ತದೆ. ಎಳ್ಳ ಅಮಾಸಿಗೆ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋದಾಗ ತೆನೆ ಕಟ್ಟಿರುತ್ತದೆ, ಎಳೆ ತೆನೆಯ ಸೀತನಿ ಸುಟ್ಟು ತಿನ್ನುತ್ತೇವೆ. ಬಿತ್ತಿದ ಮೇಲೆ ಮಳೆ ಕೇಳದ ಬೆಳೆ! ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಕೋಲಾರಕ್ಕೆ ಹೋಗಿ. ಅಲ್ಲಿಯದು ಕೆಂಪು ನೆಲ, ಕರಿಗಲ್ಲಿನ ಬಂಡೆ, ರಾಗಿ. ಆ ಮಣ್ಣು ನೀರು ಹಿಡಿಯುವುದಿಲ್ಲ, ಅದಕ್ಕೇ ಆ ಜನ ಸಾವಿರಾರು ಕೆರೆ ಕಟ್ಟಿ, ಒಂದರ ಕೋಡಿಯನ್ನು ಇನ್ನೊಂದಕ್ಕೆ ಬಿಟ್ಟು ಬದುಕಿದರು. ನಮ್ಮಲ್ಲಿ ಹೊಲವೇ ಕೆರೆ. ಆದರೆ ಆ ಕೆರೆಯ ನೀರು ಬೇರಿಗೆ ಸಿಗುತ್ತದೆ, ಬಾಯಿಗೆ ಸಿಗುವುದಿಲ್ಲ. ಡೋಣಿಯಂತೂ ಸವಳು, ದನ ಕೂಡ ಮೂಸಿ ಹಿಂದೆ ಸರಿಯುತ್ತವೆ. ಹೊಲ ಹಸಿ, ಗಂಟಲು ಒಣ. ವಿಜಯಪುರದ ಆದಿಲ್‌ಶಾಹಿಗಳು ತೊರವಿ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದದ್ದು, ತಾಜ್ ಬಾವಡಿ ಕಟ್ಟಿದ್ದು, 1651ರಲ್ಲಿ ಬೇಗಂ ತಲಾಬ್ ತುಂಬಿಸಿದ್ದು ಎಲ್ಲ ಕುಡಿಯುವ ನೀರಿಗಾಗಿ. ನಮ್ಮ ಕಷ್ಟವೂ ಕೋಲಾರದ ಕಷ್ಟವೂ ಒಂದೇ ಅಲ್ಲ, ನಮ್ಮ ಸುಖವೂ ಒಂದೇ ಅಲ್ಲ. ಕಾರವಾರ ಮತ್ತು ಮಂಗಳೂರಿನ ನಡುವೆ ಭಾಷೆ ಬೇರೆ ಇರಬಹುದು, ಕಡಲು ಒಂದೇ. ಅಣ್ಣ ಕೊಟ್ಟ ಹೋಲಿಕೆ ಅಲ್ಲಿಗೇ ಜಾರುತ್ತದೆ. ನಮಗೂ ಕೋಲಾರಕ್ಕೂ ಒಂದೇ ಆದದ್ದು ಯಾವುದು? ಗುಡ್ಡವಿಲ್ಲ ಎಂಬುದೇ?

ಅದೂ ನಿಜವಲ್ಲ. ಬಾದಾಮಿಯ ಕೆಂಗಲ್ಲ ಗುಡ್ಡಗಳ ನಡುವೆ ನಿಂತು ಬಯಲು ಎನ್ನಿ ನೋಡೋಣ. ಘಟಪ್ರಭೆ ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ, ಬಯಲಾಗಿದ್ದರೆ ಎಲ್ಲಿಂದ ಧುಮುಕಬೇಕಿತ್ತು? ಸವದತ್ತಿಯ ಎಲ್ಲಮ್ಮ ಕೂತದ್ದು ಗುಡ್ಡದ ಮೇಲೆಯೇ. ಬೆಳಗಾವಿ ಎಂಬ ಒಂದೇ ಜಿಲ್ಲೆಯಲ್ಲಿ ಮಲಪ್ರಭೆ ಹುಟ್ಟುವ ಕಣಕುಂಬಿಯ ದಟ್ಟ ಕಾಡೂ ಇದೆ, ಮಳೆಗೆ ಮುಖ ಮೇಲೆತ್ತಿ ಕೂಡುವ ಅಥಣಿಯ ಪೂರ್ವದ ಹಳ್ಳಿಗಳೂ ಇವೆ. ಮಗುವಿನ ಕೈ ನಿಂತಿದ್ದು ಸುಮ್ಮನೆ ಅಲ್ಲ. ಬೈಲಹೊಂಗಲ ಎಂದು ಹೆಸರಿನಲ್ಲೇ ಬೈಲು ಇಟ್ಟುಕೊಂಡ ಊರೂ ಇದೆ, ಒಪ್ಪುತ್ತೇನೆ. ಒಂದು ಊರಿಗೆ ಆ ಮಾತು ಸರಿಹೋದೀತು. ಅರ್ಧ ರಾಜ್ಯಕ್ಕೆ ಹೊದಿಸಿದರೆ ಕಂಬಳಿ ಹರಿಯುತ್ತದೆ.

ಬೆಂಗಳೂರಿನ ಪತ್ರಿಕೆಗಳಲ್ಲಿ ಈಗ ಬಯಲುಸೀಮೆ ಎಂದರೆ ಯಾವುದು, ಗಮನಿಸಿದ್ದೀರಾ? ಬಯಲುಸೀಮೆಗೆ ನೀರು ಎಂದು ತಲೆಬರಹ ಬಂದರೆ ಅದು ಎತ್ತಿನಹೊಳೆ ಯೋಜನೆ, 24 ಟಿಎಂಸಿ, ಕೋಲಾರ, ಚಿಕ್ಕಬಳ್ಳಾಪುರ. ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ ಎಂದೊಂದಿದೆ, ಅದರ ಕಚೇರಿ ಚಿತ್ರದುರ್ಗದಲ್ಲಿ. ಆ ಜಿಲ್ಲೆಗಳವರ ನೀರಡಿಕೆ ಸುಳ್ಳಲ್ಲ, ಅವರ ಹೋರಾಟಕ್ಕೆ ನನ್ನ ತಕರಾರಿಲ್ಲ. ಆದರೆ ಹೆಸರು ಆಗಲೇ ತೆಂಕಣಕ್ಕೆ ಹೋಗಿಬಿಟ್ಟಿದೆ. ನಮ್ಮ ಡೋಣಿಯ ಹೂಳು, ಆಲಮಟ್ಟಿಯ ಗೇಟು 519.6 ಮೀಟರಿಗೆ ನಿಂತಿರುವುದು, ಮುಳುಗಡೆಯಾದ ಬಾಗಲಕೋಟೆಯ ಹಳೆಯ ಪೇಟೆ, ಇವುಗಳ ಸುದ್ದಿ ಬಂದಾಗ ಯಾರೂ ಬಯಲುಸೀಮೆ ಎನ್ನುವುದಿಲ್ಲ, ಉತ್ತರ ಕರ್ನಾಟಕ ಎನ್ನುತ್ತಾರೆ.

ಶಬ್ದಕ್ಕೆ ಇನ್ನೊಂದು ಮುಖವೂ ಇದೆ. ಬಯಲು ಎಂದರೆ ತೆರೆದದ್ದು ಮಾತ್ರವಲ್ಲ, ಬರಿದು ಕೂಡ. ಊರಿನಲ್ಲೊಂದು ಸಲ ಜಾಗ ನೋಡಲು ಬಂದ ಸಾಹೇಬರೊಬ್ಬರು ಜೀಪಿನಿಂದ ಇಳಿಯದೆಯೇ, “ಇಲ್ಲೇನಿದೆ, ಬರೀ ಬಯಲು,” ಎಂದರು. ಅವರು ತೋರಿಸಿದ್ದು ಏಪ್ರಿಲ್ ತಿಂಗಳ ಎರಿ ಹೊಲ. ಐದು ತಿಂಗಳ ಮೇಲೆ ಬಂದಿದ್ದರೆ ಅಲ್ಲಿ ಕೂರಿಗೆಯ ಸಾಲು ಕಾಣುತ್ತಿತ್ತು, ಎಂಟು ತಿಂಗಳ ಮೇಲೆ ಬಂದಿದ್ದರೆ ಜೀಪು ಮುಚ್ಚುವಷ್ಟು ಜೋಳ, ನಡುವೆ ಕಡಲೆ, ಅಂಚಿಗೆ ದನ ಬಾಯಿ ಹಾಕದ ಹಾಗೆ ಕುಸುಬೆಯ ಮುಳ್ಳು. ಹೆಸರು ಕಣ್ಣಿಗೆ ಪಟ್ಟಿ ಕಟ್ಟುವುದು ಹೀಗೆ. ಬಯಲು ಎಂದು ಕಲಿತು ಬಂದವರಿಗೆ ಬಯಲೇ ಕಾಣುತ್ತದೆ.

ಶರಣರ ಬಯಲಿನ ಮಾತನ್ನು ಅಣ್ಣ ಕೊನೆಗೆ ಎತ್ತಿದ, ಅದು ಅವನ ಹಳೆಯ ಪಟ್ಟು. ಅದಕ್ಕೆ ಎದುರಾಡುವುದು ಕಷ್ಟ. ಒಂದು ಮಾತ್ರ ಹೇಳುತ್ತೇನೆ. ಬಯಲನ್ನು ಎಲ್ಲರಿಗಿಂತ ಹೆಚ್ಚು ಹಾಡಿದ ಅಲ್ಲಮ ಬಳ್ಳಿಗಾವಿಯವನು ಎನ್ನುತ್ತಾರೆ. ಅದು ಶಿಕಾರಿಪುರದ ಹತ್ತಿರ, ಮಲೆನಾಡಿನ ಸೆರಗು. ಅವನ ಬಯಲು ಯಾವ ಜಿಲ್ಲೆಯ ನಕಾಶೆಯಲ್ಲೂ ಇಲ್ಲ.

ಹಾಗಾದರೆ ಏನೆನ್ನಬೇಕು ಎಂದು ಅಣ್ಣ ಕೇಳುತ್ತಾನೆ. ಹಳೆಯವರು ಕೇಳದೆಯೇ ಉತ್ತರ ಕೊಟ್ಟಿದ್ದಾರೆ. ಶಾಸನಗಳಲ್ಲಿ ವಿಜಯಪುರದ ಸುತ್ತಿನದು ತರ್ದವಾಡಿ 1000. ಚಾಳುಕ್ಯರ ಇಮ್ಮಡಿ ತೈಲಪ ದೊರೆಯಾಗುವ ಮುಂಚೆ ರಾಷ್ಟ್ರಕೂಟರ ಕೈಕೆಳಗೆ ಆಳುತ್ತಿದ್ದದ್ದು ಅದನ್ನೇ. ಬಾಗಲಕೋಟೆಯ ಸುತ್ತ ಬಾಗಡಗೆ 70, ಪಟ್ಟದಕಲ್ಲಿನ ಸುತ್ತ ಕಿಸುಕಾಡು 70, ಸವದತ್ತಿ, ಬೆಳಗಾವಿ ಕಡೆ ರಟ್ಟರ ಕೂಂಡಿ 3000. ಕಿಸು ಎಂದರೆ ಕೆಂಪು. ಕೆಂಗಾಡು! ಆ ನೆಲದ ಬಣ್ಣ ಕಂಡವರು ಇಟ್ಟ ಹೆಸರು ಅದು. ಬೆಳ್ವೊಲ ನಮ್ಮದಲ್ಲ ಎಂದು ಅಣ್ಣ ಹೇಳಿದ್ದು ಸರಿ, ನಾನೂ ಅದನ್ನು ಬಿಟ್ಟುಕೊಡುತ್ತೇನೆ. ಆದರೆ ಬೆಳೆಯ ಹೊಲ ಎಂದು ನಾಡಿಗೆ ಹೆಸರಿಟ್ಟ ರೀತಿ ನಮ್ಮದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ನಾಲ್ಕು ಊರು ನೆಟ್ಟು ನಡುವಣದ್ದು ಎನ್ನುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಒಂಕುಂದ ಎಂದರೆ ಒಕ್ಕುಂದ, ಎರಡೂ ನಮ್ಮ ಈ ಜಿಲ್ಲೆಗಳವೇ. ಅಲ್ಲಿ ನೆಲ ತೋರಿಸಲು ಬಯಲು ಎಂಬ ಮಾತು ಬೇಕಾಗಿರಲಿಲ್ಲ.

ಹೆಸರು ಬದಲಿಸಿದರೆ ನಿಲ್ಲುತ್ತದೆಯೇ ಎಂಬ ಅನುಮಾನವಿದ್ದರೆ ಮಗ್ಗುಲಲ್ಲೇ ನೋಡಿ. ನಿಜಾಮ 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳನ್ನು ಆಂಧ್ರದವರು ದತ್ತಮಂಡಲ ಎನ್ನುತ್ತಿದ್ದರು, ಅಂದರೆ ಕೊಟ್ಟುಬಿಟ್ಟ ನಾಡು. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಅದನ್ನು ಕಿತ್ತೊಗೆದು ರಾಯಲಸೀಮೆ ಎಂದು ಇಟ್ಟುಕೊಂಡರು. ಅದೂ ನಮ್ಮಷ್ಟೇ ಒಣಗಿದ ನಾಡು. ಈಗ ಆ ಹಳೆಯ ಹೆಸರು ಯಾರ ಬಾಯಲ್ಲೂ ಇಲ್ಲ. ನಾವು ಸಭೆ ಸೇರುವುದೂ ಬೇಡ. ಸೀಮಿ ಎಂಬ ಮಾತು ನಮ್ಮ ಬಾಯಲ್ಲಿ ಇದ್ದೇ ಇದೆ, ಅದರ ಮುಂದೆ ಮಣ್ಣನ್ನು ಕೂಡಿಸಿದರೆ ಸಾಕು. ಎರಿಸೀಮಿ ಎಂದರೆ ನಮ್ಮ ಊರಿನ ಕೂಸಿಗೂ ತಿಳಿಯುತ್ತದೆ. ಹುನಗುಂದದ, ಇಳಕಲ್ಲಿನ ಮಸಾರಿಯವರು ತಮ್ಮದನ್ನು ತಾವು ಕರೆದುಕೊಳ್ಳಲಿ.

ಆ ರಾತ್ರಿ ಮಾತು ಇಲ್ಲಿಗೆ ಬಂದಾಗ ಮಗು ಡಬ್ಬಿಯಲ್ಲಿ ಎರಿಮಣ್ಣಿನ ಬಣ್ಣ ಹುಡುಕುತ್ತಿದ್ದಳು. ಹನ್ನೆರಡು ಬಣ್ಣಗಳಲ್ಲಿ ಅದಿರಲಿಲ್ಲ. ಬರೆಯುವ ಪೆನ್ಸಿಲನ್ನೇ ಅಡ್ಡ ಹಿಡಿದು ಡೋಣಿಯ ಎರಡೂ ದಂಡೆಗೆ ಒತ್ತಿ ಒತ್ತಿ ಕಪ್ಪು ತುಂಬಿದಳು, ಬೆರಳೆಲ್ಲ ಕರ್ರಗಾಯಿತು. ನಾನು ಗೆದ್ದೆ ಎಂದುಕೊಂಡೆ. ಅಣ್ಣ ಕೈತೊಳೆದು ಬಂದು ನಕಾಶೆಯನ್ನು ದೀಪದ ಕಡೆ ತಿರುಗಿಸಿ ನೋಡಿ, “ಜೋಳ ಒಣಗಿ ಕೊಯ್ಯಾಕ ಬಂದಾಗ ಆ ಹೊಲ ಯಾವ ಬಣ್ಣ ಇರತೈತೋ?” ಎಂದು ಕೇಳಿದ.

ಹಳದಿ. ಕಣ್ಣು ಹಾಯುವವರೆಗೂ ಹಳದಿಯೇ ಇರುತ್ತದೆ.